ಅದೇ ಐದು ತರಕಾರಿ, ಎರಡೇ ಹಣ್ಣು: ಇಷ್ಟು ಸಾಕಾಗುತ್ತಾ?

ಪ್ರಶ್ನೆ: ನಾವು ದಾವಣಗೆರೆಯವರು. ಮನೆಯಲ್ಲಿ ಐದು ಜನ. ನಾನು, ನಮ್ಮ ಯಜಮಾನರು, 13 ವರ್ಷದ ಮಗಳು, 8 ವರ್ಷದ ಮಗ, 66 ವರ್ಷದ ಅತ್ತೆ. ಅತ್ತೆಗೆ ಶುಗರ್, ಬಿಪಿ ಎರಡೂ ಇದೆ. ವಾರಕ್ಕೊಮ್ಮೆ ತರಕಾರಿ ತರುತ್ತೇವೆ. ಟೊಮೆಟೊ, ಈರುಳ್ಳಿ, ಆಲೂಗಡ್ಡೆ, ಬದನೆಕಾಯಿ, ಬೀನ್ಸ್. ಹೆಚ್ಚುಕಡಿಮೆ ಪ್ರತಿ ವಾರ ಇವೇ. ಹಣ್ಣು ಅಂದರೆ ಬಾಳೆ, ಸೇಬು. ಸೊಪ್ಪು ಕಂಡರೆ ಮಕ್ಕಳು ಮುಖ ತಿರುಗಿಸುತ್ತಾರೆ. ಹಾಗಾಗಿ ತರುವುದನ್ನೇ ಬಿಟ್ಟಿದ್ದೇನೆ. ಶುಗರ್ ಬಂದಾಗಿನಿಂದ ಅತ್ತೆ ಹಣ್ಣು ಮುಟ್ಟುವುದಿಲ್ಲ. ದಿನಾ ಐದು ಬಣ್ಣದ ತರಕಾರಿ, ಹಣ್ಣು ತಿನ್ನಬೇಕು ಅಂತ ಎಲ್ಲರೂ ಹೇಳುತ್ತಾರೆ. ನಿಜವಾಗಿ ಅಷ್ಟೊಂದು ಬಗೆ ಬೇಕಾ? ದುಬಾರಿ ಆಗುವುದಿಲ್ಲವಾ? ಒಂದು ಮಲ್ಟಿವಿಟಮಿನ್ ಮಾತ್ರೆ ತಗೊಂಡರೆ ಸಾಲದಾ?

ಉತ್ತರ: ನೇರವಾಗಿ ಹೇಳುತ್ತೇನೆ. ಬಗೆ ಬೇಕು. ಆದರೆ ದಿನಾ ಬಣ್ಣ ಎಣಿಸುತ್ತಾ ಕೂರಬೇಕಿಲ್ಲ. ದುಬಾರಿ ಹಣ್ಣೂ ಬೇಕಿಲ್ಲ. ಮಾತ್ರೆ ತರಕಾರಿಯ ಜಾಗ ತುಂಬುವುದಿಲ್ಲ. ನಿಮ್ಮ ಚೀಲದಲ್ಲಿ ಈಗಿರುವ ದೊಡ್ಡ ಕೊರತೆ ಸೊಪ್ಪು. ಅದೊಂದು ವಾಪಸ್ ಬಂದರೆ ಅರ್ಧ ಕೆಲಸ ಆದಂತೆ.

ಬಗೆಯ ಮಾತಿಗೆ ಮುಂಚೆ ಎಷ್ಟು ತಿನ್ನಬೇಕು ಅನ್ನುವುದನ್ನು ನೋಡೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಭಾರತೀಯರಿಗಾಗಿ ಹೊಸ ಆಹಾರ ಮಾರ್ಗಸೂಚಿ ಹೊರತಂದಿತು. ದಿನಕ್ಕೆ 2000 ಕ್ಯಾಲೊರಿ ಬೇಕಾದವರಿಗೆ ಅದರ ಸಲಹೆ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು. ತರಕಾರಿಯ ಲೆಕ್ಕದಲ್ಲಿ ಸೊಪ್ಪೂ ಸೇರಿದೆ. ವಿಶ್ವ ಆರೋಗ್ಯ ಸಂಸ್ಥೆ ಹಣ್ಣು, ತರಕಾರಿ ಎರಡೂ ಸೇರಿ ಕನಿಷ್ಠ 400 ಗ್ರಾಂ ಅನ್ನುತ್ತದೆ. ಅದರ ಲೆಕ್ಕದಲ್ಲಿ ಆಲೂಗಡ್ಡೆ, ಗೆಣಸು, ಮರಗೆಣಸು ಬರುವುದಿಲ್ಲ. ಅವುಗಳಲ್ಲಿ ಪಿಷ್ಟವೇ ಜಾಸ್ತಿ. ಅನ್ನ, ರೊಟ್ಟಿಯ ಜೊತೆ ಲೆಕ್ಕ ಹಿಡಿಯಬೇಕಾದ ಪದಾರ್ಥಗಳು ಅವು.

ನಿಮ್ಮ ಮನೆಗೆ ಹೊಂದಿಸಿ ನೋಡಿ. ಮಗನಿಗೂ ಅತ್ತೆಯವರಿಗೂ ಸ್ವಲ್ಪ ಕಡಿಮೆ ಹಿಡಿದರೂ ದಿನಕ್ಕೆ ಕಡಿಮೆಯೆಂದರೂ ಒಂದೂವರೆ ಕಿಲೋ ತರಕಾರಿ ಬೇಕು. ವಾರಕ್ಕೆ ಹತ್ತು ಕಿಲೋ. ಅದೂ ಆಲೂಗಡ್ಡೆ ಬಿಟ್ಟು. ಮುಂದಿನ ಸಲ ಮಾರ್ಕೆಟ್‌ನಿಂದ ಬಂದಾಗ ತೂಕ ಕೂಡಿಸಿ ನೋಡಿ. ನನ್ನ ಹತ್ತಿರ ಸಲಹೆಗೆ ಬರುವ ಹಲವು ಮನೆಗಳಲ್ಲಿ ಇದರ ಅರ್ಧವೂ ಇರುವುದಿಲ್ಲ. ಸಾಂಬಾರಿನಲ್ಲಿ ನಾಲ್ಕು ಹೋಳು ಬೀನ್ಸ್ ಸಿಕ್ಕರೆ ತರಕಾರಿ ತಿಂದ ಹಾಗಾಗುವುದಿಲ್ಲ, ಅಲ್ವಾ? ಪಲ್ಯ ಒಂದು ಚಮಚ, ಅನ್ನ ಮೂರು ಸೌಟು ಅನ್ನುವ ಅಳತೆ ಬದಲಾಗದೆ ಎಷ್ಟು ಬಗೆ ತಂದರೂ ಪ್ರಯೋಜನ ಕಡಿಮೆ.

ಈಗ ಬಗೆಯ ವಿಷಯ. ಯಾವ ಒಂದು ತರಕಾರಿಯಲ್ಲೂ ಎಲ್ಲವೂ ಇರುವುದಿಲ್ಲ. ಇದು ಸುಮ್ನೆ ಹೇಳುವ ಮಾತಲ್ಲ. ನೀವು ತರುವ ಸೇಬನ್ನೇ ತೆಗೆದುಕೊಳ್ಳಿ. 100 ಗ್ರಾಂ ಸೇಬಿನಲ್ಲಿ ವಿಟಮಿನ್ ಸಿ 5 ಮಿಲಿಗ್ರಾಂ ಕೂಡ ಇರುವುದಿಲ್ಲ. ಅಷ್ಟೇ ತೂಕದ ಪೇರಲ ಹಣ್ಣಿನಲ್ಲಿ 200 ಮಿಲಿಗ್ರಾಂಗಿಂತ ಜಾಸ್ತಿ ಇರುತ್ತದೆ. ನೆಲ್ಲಿಕಾಯಿಯಲ್ಲಿ 250ರ ಆಸುಪಾಸು. ಹೆಂಗಸರಿಗೆ ದಿನಕ್ಕೆ ಬೇಕಾದದ್ದು 65 ಮಿಲಿಗ್ರಾಂ, ಗಂಡಸರಿಗೆ 80. ಅಂದರೆ ಅರ್ಧ ಪೇರಲ ಹಣ್ಣಿನಲ್ಲಿ ಒಂದು ದಿನದ ಲೆಕ್ಕ ಮುಗಿಯುತ್ತದೆ. ಸೇಬು ಕೆಟ್ಟದ್ದು ಅಂತಲ್ಲ. ಅದರಲ್ಲಿ ಒಳ್ಳೆಯ ನಾರಿನಂಶ ಇದೆ. ಆದರೆ ಹುಷಾರಿಲ್ಲದವರನ್ನು ನೋಡಲು ಹೋಗುವಾಗ ಸೇಬು ಒಯ್ಯುವುದು, ಪೇರಲ ಮರದಡಿ ಬಿದ್ದು ಕೊಳೆಯುವುದು ಅನ್ನುವ ಸ್ಥಿತಿ ನನಗೆ ಬೇಸರ ತರಿಸುತ್ತದೆ.

ಬಾಳೆಹಣ್ಣಿನಲ್ಲಿ ಪೊಟ್ಯಾಸಿಯಂ ಚೆನ್ನಾಗಿದೆ, ಬೀಟಾ ಕ್ಯಾರೋಟಿನ್ ಅಷ್ಟಿಲ್ಲ. ಪರಂಗಿ, ಮಾವು, ಸಿಹಿಗುಂಬಳ, ಕ್ಯಾರೆಟ್‌ನಲ್ಲಿ ಅದು ಧಾರಾಳ. ನಮ್ಮ ದೇಹ ಇದನ್ನು ವಿಟಮಿನ್ ಎ ಆಗಿ ಬದಲಿಸಿಕೊಳ್ಳುತ್ತದೆ. ಕಣ್ಣಿಗೂ ಸೋಂಕು ತಡೆಯುವುದಕ್ಕೂ ಅದು ಬೇಕು. ಟೊಮೆಟೊ, ಕಲ್ಲಂಗಡಿ, ಕೆಂಪು ತಿರುಳಿನ ಪೇರಲದ ಕೆಂಪಿಗೆ ಕಾರಣ ಲೈಕೊಪೀನ್. ನೇರಳೆ ಹಣ್ಣಿಗೆ, ಬದನೆಯ ನೇರಳೆ ಸಿಪ್ಪೆಗೆ ಬಣ್ಣ ಕೊಡುವುದು ಆಂಥೋಸಯನಿನ್. ಫೋಲೇಟ್ ಅನ್ನುವ ಬಿ ವಿಟಮಿನ್ ಬೇಕೆಂದರೆ ಸೊಪ್ಪು ಮತ್ತು ಕಾಳು. ಬಣ್ಣದ ಸಲಹೆ ಹುಟ್ಟಿದ್ದು ಇದರಿಂದಲೇ. ತಪ್ಪೇನಿಲ್ಲ, ಮಕ್ಕಳಿಗೆ ಹೇಳಲು ಸುಲಭ.

ಆದರೆ ನಾನು ಬಣ್ಣಕ್ಕಿಂತ ಗಿಡದ ಕುಟುಂಬ ನೋಡಿ ಅನ್ನುತ್ತೇನೆ. ನಿಮ್ಮ ಐದು ತರಕಾರಿಯಲ್ಲಿ ಟೊಮೆಟೊ, ಆಲೂಗಡ್ಡೆ, ಬದನೆ ಮೂರೂ ಒಂದೇ ಕುಟುಂಬದವು. ಮೆಣಸಿನಕಾಯಿ, ದೊಣ್ಣೆಮೆಣಸಿನಕಾಯಿ ಕೂಡ ಅದೇ. ಬಣ್ಣ ಬೇರೆ ಬೇರೆ ಕಂಡರೂ ನೆಂಟರೇ. ಸೋರೆ, ಹೀರೆ, ಪಡವಲ, ಸೌತೆ, ತೊಂಡೆ, ಹಾಗಲ, ಕುಂಬಳ ಇನ್ನೊಂದು ಕುಟುಂಬ. ಎಲೆಕೋಸು, ಹೂಕೋಸು, ನವಿಲುಕೋಸು, ಮೂಲಂಗಿ, ಸಾಸಿವೆ ಮತ್ತೊಂದು. ಬೀನ್ಸ್, ಅವರೆ, ಅಲಸಂದೆ, ಚವಳಿಕಾಯಿ ಒಂದು ಗುಂಪು, ಮೆಂತ್ಯವೂ ಅಲ್ಲಿಗೇ ಸೇರುತ್ತದೆ. ಕ್ಯಾರೆಟ್, ಕೊತ್ತಂಬರಿ, ಸಬ್ಬಸಿಗೆ ಒಂದು. ದಂಟು, ಪಾಲಕ್, ಬೀಟ್‌ರೂಟ್ ಒಂದು. ಬೆಂಡೆಕಾಯಿ ಮತ್ತು ನಿಮ್ಮ ಕಡೆಯ ಪುಂಡಿ ಸೊಪ್ಪು ಒಂದೇ ಕುಟುಂಬ ಅಂದರೆ ನಂಬುತ್ತೀರಾ? ಹತ್ತಿ, ದಾಸವಾಳ ಕೂಡ ಅದೇ. ನುಗ್ಗೆಯದು ಅದರದ್ದೇ ಬೇರೆ ಕುಟುಂಬ. ಗಿಡಗಳು ಹುಳ, ಬಿಸಿಲು, ರೋಗದಿಂದ ತಮ್ಮನ್ನು ಕಾಪಾಡಿಕೊಳ್ಳಲು ಹಲವು ರಾಸಾಯನಿಕ ತಯಾರಿಸುತ್ತವೆ. ಅವು ಕುಟುಂಬದಿಂದ ಕುಟುಂಬಕ್ಕೆ ಬದಲಾಗುತ್ತವೆ. ಕೋಸಿನ ಆ ಘಾಟು, ಹಾಗಲದ ಕಹಿ, ಈರುಳ್ಳಿಯ ಕಣ್ಣುರಿ ಎಲ್ಲ ಅಂಥವೇ. ನಮ್ಮ ದೇಹದಲ್ಲೂ ಅವು ಕೆಲಸ ಮಾಡುತ್ತವೆ.

ಇದರ ಮೇಲೆ ಅಮೆರಿಕದ ಕೊಲೊರಾಡೋದಲ್ಲಿ ಒಂದು ಚಿಕ್ಕ ಪ್ರಯೋಗ ನಡೆದಿತ್ತು. 2006ರಲ್ಲಿ ಪ್ರಕಟವಾಯಿತು. ನೂರಕ್ಕೂ ಸ್ವಲ್ಪ ಹೆಚ್ಚು ಮಹಿಳೆಯರಿಗೆ ಎರಡು ವಾರ ಹಣ್ಣು ತರಕಾರಿ ಚೆನ್ನಾಗಿ ಕೊಟ್ಟರು. ಒಂದು ಗುಂಪಿಗೆ 5 ಕುಟುಂಬದ ಗಿಡಗಳಿಂದ, ಇನ್ನೊಂದಕ್ಕೆ 18 ಕುಟುಂಬದ ಗಿಡಗಳಿಂದ. ತಿಂದ ಪ್ರಮಾಣ ಎರಡರದ್ದೂ ಹೆಚ್ಚುಕಡಿಮೆ ಒಂದೇ. ಜೀವಕೋಶದ ಡಿಎನ್‌ಎಗೆ ಆಗುವ ಒಂದು ಬಗೆಯ ಹಾನಿ ಕಡಿಮೆಯಾಗಿದ್ದು ಹದಿನೆಂಟರ ಗುಂಪಿನಲ್ಲಿ ಮಾತ್ರ. ಪ್ರಯೋಗ ಚಿಕ್ಕದು, ಎರಡೇ ವಾರದ್ದು. ಇದರಿಂದ ಇಂಥ ಕಾಯಿಲೆ ಬರುವುದಿಲ್ಲ ಅಂತ ಹೇಳಲಾಗದು. ಆದರೂ ದಿಕ್ಕು ತೋರಿಸುತ್ತದೆ. ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ಸಾವಿರಾರು ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು 2012ರಲ್ಲಿ ಬಂತು. ಜಾಸ್ತಿ ಬಗೆಯ ಹಣ್ಣು ತರಕಾರಿ ತಿನ್ನುತ್ತಿದ್ದವರಲ್ಲಿ ಸಕ್ಕರೆ ಕಾಯಿಲೆ ಕಡಿಮೆ ಕಂಡಿತು. ಎಷ್ಟು ತಿನ್ನುತ್ತಾರೆ ಅನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಬಗೆಯ ಲಾಭ ಉಳಿಯಿತು.

ಕರುಳಿನ ಬ್ಯಾಕ್ಟೀರಿಯಾ ಬಗ್ಗೆ ಈಗ ಎಲ್ಲ ಕಡೆ ಮಾತು. ವಾರಕ್ಕೆ 30 ಬಗೆಯ ಸಸ್ಯ ಆಹಾರ ತಿನ್ನಬೇಕು ಅನ್ನುವ ಸಲಹೆ ನೀವೂ ಕೇಳಿರಬಹುದು. 2018ರಲ್ಲಿ ಅಮೆರಿಕದಿಂದ ಬಂದ ದೊಡ್ಡ ಅಧ್ಯಯನದಿಂದ ಅದು ಹುಟ್ಟಿತು. 30ಕ್ಕಿಂತ ಜಾಸ್ತಿ ಬಗೆ ತಿನ್ನುವವರ ಕರುಳಿನಲ್ಲಿ ಬ್ಯಾಕ್ಟೀರಿಯಾ ಬಗೆಗಳೂ ಹೆಚ್ಚಿದ್ದವು, 10ಕ್ಕಿಂತ ಕಡಿಮೆ ತಿನ್ನುವವರಿಗೆ ಹೋಲಿಸಿದರೆ. ಒಂದೊಂದು ಬಗೆಯ ನಾರು ಒಂದೊಂದು ಬಗೆಯ ಬ್ಯಾಕ್ಟೀರಿಯಾಕ್ಕೆ ಊಟ. 30 ಅನ್ನುವುದು ಮಂತ್ರವೇನಲ್ಲ. ಆದರೆ ಸಂಖ್ಯೆ ಕೇಳಿ ಹೆದರಬೇಡಿ. ಜೋಳ, ರಾಗಿ, ಅಕ್ಕಿ, ತೊಗರಿ, ಹೆಸರು, ಕಡಲೆ, ಶೇಂಗಾ, ಎಳ್ಳು, ಗುರೆಳ್ಳು, ಕೊಬ್ಬರಿ ಎಲ್ಲವೂ ಆ ಲೆಕ್ಕದಲ್ಲಿ ಬರುತ್ತವೆ. ನಮ್ಮ ಅಡುಗೆಮನೆ ಹತ್ತು ಹನ್ನೆರಡಕ್ಕೆ ಏನೂ ಮಾಡದೆ ತಲುಪಿರುತ್ತದೆ.

ಇನ್ನು, ತಿಂದರೆ ಏನು ಸಿಗುತ್ತದೆ? ಗಟ್ಟಿ ಸಾಕ್ಷಿ ಇರುವುದನ್ನು ಮಾತ್ರ ಹೇಳುತ್ತೇನೆ. ಮೊದಲನೆಯದು ರಕ್ತದೊತ್ತಡ. 1997ರಲ್ಲಿ ಅಮೆರಿಕದಲ್ಲಿ ಡ್ಯಾಶ್ ಅನ್ನುವ ಪ್ರಯೋಗದ ಫಲಿತಾಂಶ ಬಂತು. 459 ಜನರಿಗೆ ಅಳೆದು ಊಟ ಕೊಟ್ಟು ನೋಡಿದ್ದು. ಉಪ್ಪು ಕಡಿಮೆ ಮಾಡಲಿಲ್ಲ, ತೂಕ ಇಳಿಸಲಿಲ್ಲ. ಹಣ್ಣು ತರಕಾರಿ ಹೆಚ್ಚಿಸಿದ ಗುಂಪಿನಲ್ಲಿ ಎಂಟೇ ವಾರಕ್ಕೆ ಮೇಲಿನ ಬಿಪಿ ಮಾಮೂಲಿ ಊಟದ ಗುಂಪಿಗಿಂತ ಸರಾಸರಿ 2.8 ಅಂಕ ಹೆಚ್ಚು ಇಳಿಯಿತು. ಜೊತೆಗೆ ಕೊಬ್ಬು ಕಡಿಮೆ ಇರುವ ಹಾಲು, ಮೊಸರು ಸೇರಿಸಿ ಒಟ್ಟು ಕೊಬ್ಬನ್ನೂ ಇಳಿಸಿದ ಗುಂಪಿನಲ್ಲಿ 5.5 ಅಂಕ. ಮೊದಲೇ ಬಿಪಿ ಇದ್ದವರಲ್ಲಿ ಈ ಇಳಿಕೆ 11 ಅಂಕ ದಾಟಿತು. ಇದು ಒಂದು ಬಿಪಿ ಮಾತ್ರೆಯ ಕೆಲಸಕ್ಕೆ ಹತ್ತಿರ. ಪೊಟ್ಯಾಸಿಯಂ ಇದಕ್ಕೆ ಒಂದು ಮುಖ್ಯ ಕಾರಣ. ನಿಮ್ಮ ಅತ್ತೆಯವರ ವಿಷಯದಲ್ಲಿ ಇದನ್ನು ನೆನಪಿಡಿ. ಮಾತ್ರೆ ನಿಲ್ಲಿಸಿ ಅಂತ ಹೇಳುತ್ತಿಲ್ಲ, ಮಾತ್ರೆಯ ಜೊತೆಗೆ ಊಟವೂ ಕೆಲಸ ಮಾಡಲಿ ಅಂತ.

ಎರಡನೆಯದು ಹೃದಯ ಮತ್ತು ಪಾರ್ಶ್ವವಾಯು. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು 2017ರಲ್ಲಿ 95 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ದಿನಕ್ಕೆ 200 ಗ್ರಾಂ ಹಣ್ಣು ತರಕಾರಿ ಜಾಸ್ತಿಯಾದಂತೆ ಹೃದಯದ ರಕ್ತನಾಳದ ಕಾಯಿಲೆಯ ಅಪಾಯ ಶೇ. 8ರಷ್ಟು, ಪಾರ್ಶ್ವವಾಯುವಿನ ಅಪಾಯ ಶೇ. 16ರಷ್ಟು ಕಡಿಮೆ ಕಂಡಿತು. ಲಾಭ 800 ಗ್ರಾಂವರೆಗೂ ಹೆಚ್ಚುತ್ತಾ ಹೋಯಿತು. ಅದೇ ವರ್ಷ ಭಾರತವೂ ಸೇರಿ 18 ದೇಶಗಳ 1,35,000ಕ್ಕೂ ಹೆಚ್ಚು ಜನರ ಅಧ್ಯಯನ ಬಂತು. ಅದರಲ್ಲಿ ಹಣ್ಣು, ತರಕಾರಿ, ಕಾಳು ಸೇರಿ ದಿನಕ್ಕೆ 375ರಿಂದ 500 ಗ್ರಾಂ ತಿನ್ನುವವರಲ್ಲೇ ಲಾಭ ಚೆನ್ನಾಗಿ ಕಂಡಿತ್ತು. ನಮ್ಮಂಥ ದೇಶಗಳಿಗೆ ಈ ಎರಡನೇ ಲೆಕ್ಕ ಕೈಗೆಟುಕುವಂಥದ್ದು. ಒಂದು ಎಚ್ಚರ ಬೇಕು. ಇವು ಜನರನ್ನು ಗಮನಿಸಿ ಹೇಳಿದ್ದು. ತರಕಾರಿ ಜಾಸ್ತಿ ತಿನ್ನುವವರು ಬೀಡಿ, ಸಿಗರೇಟು ಕಡಿಮೆ ಸೇದಬಹುದು, ಹೆಚ್ಚು ನಡೆಯಬಹುದು. ಸಂಶೋಧಕರು ಅದನ್ನೆಲ್ಲ ಲೆಕ್ಕ ಹಾಕಿ ತೆಗೆಯುತ್ತಾರೆ, ಪೂರ್ತಿ ತೆಗೆಯಲು ಆಗುವುದಿಲ್ಲ. ಡ್ಯಾಶ್ ಹಾಗಲ್ಲ, ಅದು ಊಟ ಕೊಟ್ಟೇ ನೋಡಿದ್ದು. ಎರಡನ್ನೂ ಜೊತೆಗಿಟ್ಟು ನೋಡಿದಾಗ ನನಗೆ ಅನುಮಾನ ಉಳಿಯುವುದಿಲ್ಲ.

ಮಲಬದ್ಧತೆ ಕಡಿಮೆಯಾಗುವುದು, ಹೊಟ್ಟೆ ತುಂಬಿ ತೂಕ ಹಿಡಿತದಲ್ಲಿರುವುದು ನಿಮಗೇ ಅನುಭವಕ್ಕೆ ಬರುತ್ತದೆ. ಯಾವುದೋ ಒಂದು ಹಣ್ಣು ಕ್ಯಾನ್ಸರ್ ವಾಸಿ ಮಾಡುತ್ತದೆ ಅನ್ನುವ ವಾಟ್ಸಾಪ್ ಸಂದೇಶ ಬಂದರೆ ಅಳಿಸಿಹಾಕಿ.

ಮಾತ್ರೆಯ ಪ್ರಶ್ನೆಗೆ ಬರುತ್ತೇನೆ. ತರಕಾರಿಯಲ್ಲಿರುವ ಒಳ್ಳೆಯ ಅಂಶವನ್ನು ಬೇರೆ ಮಾಡಿ ಮಾತ್ರೆಯಲ್ಲಿ ಕೊಟ್ಟರೆ ಆಯಿತಲ್ಲ ಅನ್ನುವ ಯೋಚನೆ ವಿಜ್ಞಾನಿಗಳಿಗೂ ಬಂದಿತ್ತು. ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ 29,133 ಗಂಡಸರ ಮೇಲೆ ದೊಡ್ಡ ಪ್ರಯೋಗ ನಡೆಯಿತು. ಕ್ಯಾರೆಟ್, ಸೊಪ್ಪಿನಲ್ಲಿರುವ ಬೀಟಾ ಕ್ಯಾರೋಟಿನ್ ಮಾತ್ರೆ ಕೊಟ್ಟರೆ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಬಹುದು ಅನ್ನುವ ನಿರೀಕ್ಷೆ. 1994ರಲ್ಲಿ ಫಲಿತಾಂಶ ಬಂದಾಗ ಎಲ್ಲರಿಗೂ ಆಘಾತ. ಮಾತ್ರೆ ತಗೊಂಡವರಲ್ಲಿ ಕ್ಯಾನ್ಸರ್ ಶೇ. 18ರಷ್ಟು ಜಾಸ್ತಿಯಾಗಿತ್ತು. ಅದೇ ಅಂಶ ಕ್ಯಾರೆಟ್‌ನಲ್ಲಿ, ನುಗ್ಗೆಸೊಪ್ಪಿನಲ್ಲಿ ಬಂದಾಗ ನಾರು, ನೀರು, ನೂರಾರು ಬೇರೆ ಅಂಶಗಳ ಜೊತೆ ಬರುತ್ತದೆ, ನಿಧಾನವಾಗಿ ಬರುತ್ತದೆ. ಸಾಮಾನ್ಯ ಮಲ್ಟಿವಿಟಮಿನ್ ಇಷ್ಟು ಅಪಾಯ ಮಾಡುವುದಿಲ್ಲ, ಆದರೆ ಅದರಲ್ಲಿ ನಾರೂ ಇಲ್ಲ, ಹೇಳಿಕೊಳ್ಳುವಷ್ಟು ಪೊಟ್ಯಾಸಿಯಂ ಕೂಡ ಇಲ್ಲ.

ಹಾಗಂತ ಮಾತ್ರೆಯೇ ಬೇಡ ಅಂತಲ್ಲ. ಗರ್ಭಿಣಿಯರಿಗೆ, ಗರ್ಭ ಧರಿಸಲು ಯೋಚಿಸುತ್ತಿರುವವರಿಗೆ ಫೋಲಿಕ್ ಆಸಿಡ್ ಮಾತ್ರೆ ಬೇಕೇ ಬೇಕು. ಸೊಪ್ಪು ತಿನ್ನುತ್ತೇನೆ ಅಂತ ಬಿಡುವ ಹಾಗಿಲ್ಲ. ವಿಟಮಿನ್ ಬಿ12 ಯಾವ ಹಣ್ಣು ತರಕಾರಿಯಲ್ಲೂ ನಂಬಿಕೊಳ್ಳುವಷ್ಟು ಸಿಗುವುದಿಲ್ಲ. ನೀವು ಸಸ್ಯಾಹಾರಿಗಳಾದರೆ ಹಾಲು, ಮೊಸರು ತಪ್ಪಿಸಬೇಡಿ. ಅತ್ತೆಯವರು ಶುಗರ್‌ಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಳಿಂದ ತಗೊಳ್ಳುತ್ತಿದ್ದರೆ ಬಿ12 ಇನ್ನೂ ಕಡಿಮೆಯಾಗಿರಬಹುದು. ಡಾಕ್ಟರ್ ಹತ್ತಿರ ಒಮ್ಮೆ ಪರೀಕ್ಷೆ ಮಾಡಿಸುವ ಬಗ್ಗೆ ಕೇಳಿ.

ಮಗಳ ಬಗ್ಗೆ ನೀವು ಏನೂ ಕೇಳಿಲ್ಲ, ಆದರೆ ಪತ್ರ ಓದಿದಾಗ ನನಗೆ ಮೊದಲು ನೆನಪಾದದ್ದು ಅವಳೇ. 13 ವರ್ಷ, ಮುಟ್ಟು ಶುರುವಾಗಿರುವ ಅಥವಾ ಶುರುವಾಗುವ ವಯಸ್ಸು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. ಈ ವಯಸ್ಸಿನ ಹುಡುಗಿಗೆ ದಿನಕ್ಕೆ ಹತ್ತಿರ ಹತ್ತಿರ 30 ಮಿಲಿಗ್ರಾಂ ಕಬ್ಬಿಣಾಂಶ ಬೇಕು. 100 ಗ್ರಾಂ ಪಾಲಕ್‌ನಲ್ಲಿ ಇರುವುದು ಮೂರರ ಆಸುಪಾಸು, ದಂಟು, ಮೆಂತ್ಯದಲ್ಲಿ ಐದರ ಆಸುಪಾಸು. ಅಂದರೆ ಸೊಪ್ಪೊಂದರಿಂದಲೇ ಆಗದು. ಕಾಳು, ರಾಗಿ, ಜೋಳ, ಎಳ್ಳು ಎಲ್ಲ ಸೇರಬೇಕು. ಮಾಂಸ, ಮೀನು ತಿನ್ನುವ ಮನೆಯಾದರೆ ಇನ್ನೂ ಒಳ್ಳೆಯದು. ಸಸ್ಯಗಳ ಕಬ್ಬಿಣಾಂಶ ದೇಹಕ್ಕೆ ಸುಲಭವಾಗಿ ಸೇರುವುದಿಲ್ಲ. ಅದೇ ಊಟದಲ್ಲಿ ವಿಟಮಿನ್ ಸಿ ಇದ್ದರೆ ಹೆಚ್ಚು ಸೇರುತ್ತದೆ. ಸೊಪ್ಪಿನ ಪಲ್ಯಕ್ಕೆ ಒಲೆ ಆರಿಸಿದ ಮೇಲೆ ನಿಂಬೆಹಣ್ಣು ಹಿಂಡಿ. ಊಟದ ಜೊತೆ ಪೇರಲ ಹೋಳು ಕೊಡಿ. ಊಟ ಆದ ತಕ್ಷಣ ಟೀ, ಕಾಫಿ ಬೇಡ, ಅವು ಕಬ್ಬಿಣಾಂಶ ಸೇರುವುದನ್ನು ತಡೆಯುತ್ತವೆ. ಒಂದು ಗಂಟೆಯಾದರೂ ಬಿಡಿ. ಮಗಳಿಗೆ ಹಿಮೋಗ್ಲೋಬಿನ್ ಒಮ್ಮೆ ನೋಡಿಸಿ. ಕಡಿಮೆ ಇದ್ದರೆ ಡಾಕ್ಟರ್ ಕೊಟ್ಟ ಮಾತ್ರೆ ಕೊಡಲೇಬೇಕು, ಬೀಟ್‌ರೂಟ್ ಜ್ಯೂಸ್ ಕುಡಿಸಿ ಕಾಯಬೇಡಿ.

ಸೊಪ್ಪಿನ ವಿಷಯದಲ್ಲಿ ನಮ್ಮ ರಾಜ್ಯದಷ್ಟು ಶ್ರೀಮಂತಿಕೆ ಅಪರೂಪ. ನಿಮ್ಮ ಕಡೆಯಿಂದ ಮೇಲಕ್ಕೆ ಹೋದರೆ ಪುಂಡಿ, ರಾಜಗಿರಿ, ಕಿರಕಸಾಲಿ. ರೊಟ್ಟಿಯ ಪಕ್ಕ ಹಸಿ ಮೆಂತ್ಯ, ಹಕ್ಕರಕಿ, ಮೂಲಂಗಿ, ಸೌತೆ. ಕೋಲಾರ, ತುಮಕೂರಿನ ಕಡೆ ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ ಆಯ್ದು ತರುವ ಬೆರಕೆ ಸೊಪ್ಪು. ಅಣ್ಣೆ, ಗಣಿಕೆ, ಹೊನಗೊನ್ನೆ, ದಂಟು ಎಲ್ಲ ಒಂದೇ ಸಾರಿಗೆ. ಕರಾವಳಿಯಲ್ಲಿ ಹರಿವೆ, ಬಸಳೆ, ಆಟಿ ತಿಂಗಳಲ್ಲಿ ತಜಂಕ್, ಕೆಸುವಿನ ಎಲೆಯ ಪತ್ರೊಡೆ. ಮಲೆನಾಡಿನಲ್ಲಿ ಒಂದೆಲಗದ ತಂಬುಳಿ. ಇದೆಲ್ಲ ಬಡತನದ ಊಟ ಅಂತ ಪೇಟೆಗೆ ಬಂದ ಮೇಲೆ ಬಿಟ್ಟವರಿದ್ದಾರೆ. ಪೌಷ್ಟಿಕತೆಯಲ್ಲಿ ಇವುಗಳಿಗೆ ಸರಿಸಾಟಿಯಾದ ತರಕಾರಿ ಕಡಿಮೆ. ನುಗ್ಗೆಸೊಪ್ಪನ್ನೇ ನೋಡಿ, 100 ಗ್ರಾಂನಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ. ಹಾಲಿನಲ್ಲಿರುವುದು ಸುಮಾರು 120. ಪಾಲಕ್ ಮಾತ್ರ ಇಲ್ಲಿ ಹಿಂದೆ ಬೀಳುತ್ತದೆ. ಅದರಲ್ಲಿರುವ ಆಕ್ಸಲೇಟ್ ಅನ್ನುವ ಅಂಶ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ, ದೇಹಕ್ಕೆ ಸಿಗುವುದು ಶೇ. 5ರಷ್ಟೇ. ಸೊಪ್ಪು ಅಂದರೆ ಪಾಲಕ್ ಒಂದೇ ಅಂದುಕೊಂಡವರಿಗೆ ಬೇರೆ ಬೇರೆ ಸೊಪ್ಪು ತನ್ನಿ ಅಂತ ನಾನು ಹೇಳುವುದು ಇದಕ್ಕೇ. ಕಿಡ್ನಿ ಕಲ್ಲು ಆಗಿದ್ದವರು ಪಾಲಕ್ ದಿನಾ ತಿನ್ನುವುದು ಬೇಡ.

ಬೇಯಿಸುವ ಕ್ರಮವೂ ಮುಖ್ಯ. ವಿಟಮಿನ್ ಸಿ, ಫೋಲೇಟ್, ಪೊಟ್ಯಾಸಿಯಂ ಮೂರೂ ಬೇಯಿಸಿದ ನೀರಿಗೆ ಇಳಿಯುತ್ತವೆ. ಮೊದಲೆರಡು ಕಾವಿಗೂ ಹಾಳಾಗುತ್ತವೆ. ಹೆಚ್ಚಿದ ಮೇಲೆ ತೊಳೆಯಬೇಡಿ, ತೊಳೆದು ಆಮೇಲೆ ಹೆಚ್ಚಿ. ಬೇಯಿಸಿದ ನೀರನ್ನು ಚೆಲ್ಲಬೇಡಿ. ಇಲ್ಲಿ ನಮ್ಮ ಬಸ್ಸಾರಿನ ಬಗ್ಗೆ ಹೇಳದೆ ಇರಲಾರೆ. ಸೊಪ್ಪು, ಕಾಳು ಬೇಯಿಸಿ, ಬಸಿದ ನೀರಿನಲ್ಲಿ ಸಾರು, ಉಳಿದದ್ದರಲ್ಲಿ ಪಲ್ಯ. ನೀರಿಗೆ ಇಳಿದದ್ದೆಲ್ಲ ಸಾರಿನ ಮೂಲಕ ವಾಪಸ್ ತಟ್ಟೆಗೇ ಬರುತ್ತದೆ. ಕಾಳಿನ ಪ್ರೋಟೀನ್ ಜೊತೆಗೆ. ಇದಕ್ಕಿಂತ ಜಾಣತನದ ಅಡುಗೆ ನನಗೆ ಗೊತ್ತಿಲ್ಲ. ಮಸ್ಸೊಪ್ಪು, ಉಪ್ಸಾರು ಕೂಡ ಹಾಗೇ, ಉಪ್ಪು ಮಾತ್ರ ಹಿಡಿತದಲ್ಲಿರಲಿ. ಇನ್ನು ಒಗ್ಗರಣೆ. ಸೊಪ್ಪು, ಕ್ಯಾರೆಟ್, ಕುಂಬಳದ ಕ್ಯಾರೋಟಿನ್ ದೇಹಕ್ಕೆ ಸೇರಲು ಸ್ವಲ್ಪ ಎಣ್ಣೆ ಬೇಕು. ಒಂದು ಚಮಚ ಎಣ್ಣೆಯ ಒಗ್ಗರಣೆ, ಮೇಲೆ ಒಂದಿಷ್ಟು ಕಾಯಿತುರಿ ಅಥವಾ ಶೇಂಗಾ ಪುಡಿ ಸಾಕು. ಟೊಮೆಟೊ ಬೇಯಿಸಿದರೆ ಲೈಕೊಪೀನ್ ಇನ್ನೂ ಚೆನ್ನಾಗಿ ಸಿಗುತ್ತದೆ. ಹಾಗಾಗಿ ಎಲ್ಲ ಹಸಿಯಾಗಿಯೇ ತಿನ್ನಬೇಕು ಅನ್ನುವುದೂ ಸರಿಯಲ್ಲ. ಒಂದು ಬೇಯಿಸಿದ್ದು, ಒಂದು ಹಸಿ, ಅಂದರೆ ಪಲ್ಯ ಮತ್ತು ಕೋಸಂಬರಿ ಅಥವಾ ಪಚಡಿ. ಅಷ್ಟಿದ್ದರೆ ಚೆನ್ನಾಗಿರುತ್ತದೆ.

ಅತ್ತೆಯವರು ಹಣ್ಣು ಪೂರ್ತಿ ಬಿಟ್ಟಿರುವುದು ಬೇಡದ ಶಿಕ್ಷೆ. ಅಮೆರಿಕದಲ್ಲಿ 1,87,000ಕ್ಕೂ ಹೆಚ್ಚು ಜನರನ್ನು ಗಮನಿಸಿದ ಅಧ್ಯಯನ 2013ರಲ್ಲಿ ಬಂತು. ಹಣ್ಣನ್ನು ಇಡಿಯಾಗಿ, ಅದರಲ್ಲೂ ಬ್ಲೂಬೆರ್ರಿ, ದ್ರಾಕ್ಷಿ, ಸೇಬು ತಿನ್ನುವವರಲ್ಲಿ ಸಕ್ಕರೆ ಕಾಯಿಲೆ ಬರುವುದು ಕಡಿಮೆ. ಜ್ಯೂಸ್ ಕುಡಿಯುವವರಲ್ಲಿ ಜಾಸ್ತಿ. ಅದು ಕಾಯಿಲೆ ಇಲ್ಲದವರ ಮೇಲೆ ನಡೆದದ್ದು ನಿಜ, ಆದರೆ ಹಣ್ಣಿಗೂ ಜ್ಯೂಸಿಗೂ ಇರುವ ವ್ಯತ್ಯಾಸ ಸ್ಪಷ್ಟ. ಅತ್ತೆಯವರಿಗೆ ದಿನಕ್ಕೆ 100 ಗ್ರಾಂ ಹಣ್ಣು ಕೊಡಿ. ಒಂದು ಚಿಕ್ಕ ಪೇರಲ, ಅಥವಾ ಒಂದು ಬಟ್ಟಲು ಪರಂಗಿ, ಅಥವಾ ಒಂದು ಮೋಸಂಬಿ. ಸೀಸನ್‌ನಲ್ಲಿ ಒಂದು ಹಿಡಿ ನೇರಳೆ. ಊಟದ ಮೇಲೆ ಬೇಡ, ಊಟಗಳ ನಡುವೆ ಕೊಡಿ. ಮಾವು, ಸಪೋಟ, ಸೀತಾಫಲ, ಹಲಸು ಕಡಿಮೆ ತೂಕದಲ್ಲಿ, ಅಪರೂಪಕ್ಕೆ. ಎರಡು ಗಂಟೆ ಬಿಟ್ಟು ಮನೆಯ ಮೀಟರ್‌ನಲ್ಲಿ ಶುಗರ್ ನೋಡಿದರೆ ಯಾವುದು ಒಗ್ಗುತ್ತದೆ ಅಂತ ಗೊತ್ತಾಗುತ್ತದೆ.

ಬೆಳಿಗ್ಗೆ ಖಾಲಿ ಹೊಟ್ಟೆಗೆ ಹಾಗಲ, ಸೋರೆಕಾಯಿ ಜ್ಯೂಸ್ ಕುಡಿಯುವ ಅಭ್ಯಾಸ ಇದ್ದರೆ ನಿಲ್ಲಿಸಿ. ಕಹಿಯಾದ ಸೋರೆಕಾಯಿ ರಸ ಕುಡಿದು ನಮ್ಮ ದೇಶದಲ್ಲಿ ಸಾವುಗಳೇ ಆಗಿವೆ. ಅಡುಗೆಗೆ ಹೆಚ್ಚುವಾಗಲೂ ಸೋರೆ, ಸೌತೆ ಒಂದು ಚೂರು ರುಚಿ ನೋಡಿ. ಕಹಿ ಇದ್ದರೆ ಎಸೆಯಿರಿ. ಇನ್ನೊಂದು ಮುಖ್ಯ ಮಾತು. ಶುಗರ್, ಬಿಪಿ ಎರಡೂ ಇರುವುದರಿಂದ ಕಿಡ್ನಿ ಪರೀಕ್ಷೆ ವರ್ಷಕ್ಕೊಮ್ಮೆ ಆಗಲೇಬೇಕು. ಕಿಡ್ನಿ ದುರ್ಬಲವಾಗಿದ್ದರೆ ಪೊಟ್ಯಾಸಿಯಂ ರಕ್ತದಲ್ಲಿ ಏರಿ ಹೃದಯಕ್ಕೆ ಅಪಾಯ. ಕೆಲವು ಬಿಪಿ ಮಾತ್ರೆಗಳೂ ಪೊಟ್ಯಾಸಿಯಂ ಹೆಚ್ಚಿಸುತ್ತವೆ. ಆಗ ಬಾಳೆಹಣ್ಣು, ಎಳನೀರು, ಸೊಪ್ಪಿನ ಸಾರು ಎಷ್ಟು ಅಂತ ಡಾಕ್ಟರೇ ಹೇಳಬೇಕು. ಅಂಥವರು ಕಮರಾಕ್ಷಿ, ಅಂದರೆ ದಾರೆಹುಳಿಯನ್ನು ಮುಟ್ಟಲೇಬಾರದು. ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ತಗೊಳ್ಳುವವರು ಯಾರಾದರೂ ಇದ್ದರೆ ಸೊಪ್ಪನ್ನು ಒಂದು ವಾರ ರಾಶಿ, ಇನ್ನೊಂದು ವಾರ ಇಲ್ಲ ಅನ್ನುವ ಹಾಗೆ ತಿನ್ನಬಾರದು.

ಖರ್ಚಿನ ಚಿಂತೆ ಸಹಜ. ಕಿವಿ, ಡ್ರ್ಯಾಗನ್ ಫ್ರೂಟ್ ಬೇಕಿಲ್ಲ. ಸೇಬಿನ ದುಡ್ಡಿನಲ್ಲಿ ಪೇರಲ, ಪರಂಗಿ, ಬಾರೆಹಣ್ಣು ತನ್ನಿ, ಸೀಸನ್‌ಗೆ ಏನು ಅಗ್ಗವೋ ಅದು. ಆಲೂಗಡ್ಡೆ ಅರ್ಧ ಮಾಡಿ ಆ ಜಾಗಕ್ಕೆ ಒಂದು ವಾರ ಹೀರೆ, ಮುಂದಿನ ವಾರ ಸಿಹಿಗುಂಬಳ, ಆಮೇಲೆ ನವಿಲುಕೋಸು. ಈರುಳ್ಳಿ, ಟೊಮೆಟೊ ಇರಲಿ, ಅವಿಲ್ಲದೆ ಅಡುಗೆ ಆಗುವುದಿಲ್ಲ. ಹೀರೆ ಸಿಪ್ಪೆ ಚಟ್ನಿಯಾಗುತ್ತದೆ. ಮೂಲಂಗಿ, ನವಿಲುಕೋಸಿನ ಎಲೆ ಪಲ್ಯವಾಗುತ್ತದೆ, ಅದಕ್ಕೆ ಬೇರೆ ದುಡ್ಡಿಲ್ಲ. ಔಷಧಿ ಹೊಡೆದಿರುತ್ತಾರೆ ಅನ್ನುವ ಭಯಕ್ಕೆ ತರಕಾರಿ ಬಿಡಬೇಡಿ. ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಿರಿ, ಸೊಪ್ಪನ್ನು ಎರಡು ಮೂರು ನೀರಿನಲ್ಲಿ ಜಾಲಿಸಿ. ಪ್ರತಿ ವಾರ ತರಕಾರಿ ಬದಲಿಸಿದರೆ ಒಂದೇ ಬೆಳೆಯ ಔಷಧಿ ದಿನಾ ಹೊಟ್ಟೆಗೆ ಹೋಗುವುದೂ ತಪ್ಪುತ್ತದೆ.

ಮಕ್ಕಳ ವಿಷಯ ಕೊನೆಗೆ ಇಟ್ಟುಕೊಂಡೆ, ಯಾಕಂದರೆ ತಾಳ್ಮೆ ಬೇಕಾದದ್ದು ಅಲ್ಲೇ. ಹೊಸ ರುಚಿ ಒಪ್ಪಲು ಮಗುವಿಗೆ ಎಂಟರಿಂದ ಹದಿನೈದು ಸಲ ಅದು ತಟ್ಟೆಯಲ್ಲಿ ಕಾಣಬೇಕಾಗುತ್ತದೆ. ಎರಡು ಸಲಕ್ಕೆ ಬೇಡ ಅಂದರೆ ಅದು ಕೊನೆಯ ಮಾತಲ್ಲ. ಒತ್ತಾಯ ಬೇಡ. ತಿಂದರೆ ಚಾಕಲೇಟ್ ಕೊಡುತ್ತೇನೆ ಅನ್ನುವುದೂ ಬೇಡ, ಸೊಪ್ಪು ಕೆಟ್ಟದ್ದು ಅಂತಲೇ ಅವರಿಗೆ ಅನ್ನಿಸುತ್ತದೆ. ನೀವು, ಯಜಮಾನರು ಮಕ್ಕಳ ಎದುರು ತಿನ್ನಿ. ಅಪ್ಪ ಬದಿಗೆ ಸರಿಸಿದ್ದನ್ನು ಮಗ ತಿನ್ನುವುದಿಲ್ಲ. ಸಬ್ಬಸಿಗೆ ಹಾಕಿದ ಅಕ್ಕಿರೊಟ್ಟಿ, ಪಡ್ಡಿನ ಹಿಟ್ಟಿಗೆ ಕ್ಯಾರೆಟ್ ತುರಿ, ಸೋರೆಕಾಯಿ ದೋಸೆ, ನುಗ್ಗೆಸೊಪ್ಪಿನ ತಾಲಿಪಟ್ಟು. ಇವೆಲ್ಲ ಶುರುವಿಗೆ ಒಳ್ಳೆಯವು. ಆದರೆ ಸೊಪ್ಪನ್ನು ಸದಾ ಬಚ್ಚಿಟ್ಟೇ ಕೊಡಬೇಡಿ, ಪಕ್ಕದಲ್ಲಿ ಒಂದು ಚಮಚ ಪಲ್ಯವೂ ಕಾಣಲಿ. ಮೊದಲ ವಾರ ಸಬ್ಬಸಿಗೆ ಅಥವಾ ದಂಟಿನಿಂದ ಶುರು ಮಾಡಿ. ಮೆಂತ್ಯ ಕಹಿ, ಅದನ್ನು ಒಂದೆರಡು ತಿಂಗಳು ಬಿಟ್ಟು ತನ್ನಿ.